ದೆಹಲಿಯ ಜನವರಿಗೆ ಬೆಳಗಾವಿಯಿಂದ ಒಂದು ಜಾಕೆಟ್ಟು

ಅಕ್ಕನ ಮಗನ ಮದುವೆ ಜನವರಿಯ ಕೊನೆಯ ವಾರದಲ್ಲಿ ದೆಹಲಿಯಲ್ಲಿ ಎಂದು ನಿಶ್ಚಯವಾದ ದಿನದಿಂದ ನಮ್ಮ ಪಡಸಾಲೆಯ ದಿವಾನದ ಮೇಲೆ ಮೂರು ಬೆಚ್ಚನೆಯ ವಸ್ತುಗಳು ಒಂದರ ಪಕ್ಕ ಒಂದು ಬಿದ್ದುಕೊಂಡಿದ್ದವು. ಮೊದಲನೆಯದು, ಲಂಡನ್ನಿನಲ್ಲಿ ಕೆಲವು ವರ್ಷ ಇದ್ದು ಬಂದ ಸಂಬಂಧಿಕರೊಬ್ಬರು ಕೊಟ್ಟ ಕರಿ ಉಣ್ಣೆಯ ಓವರ್‌ಕೋಟು. ಎರಡನೆಯದು, ಕಳೆದ ತಿಂಗಳು ನಾನೇ ಕೊಂಡ ನೀಲಿ ಬಣ್ಣದ ಉಬ್ಬು ಜಾಕೆಟ್ಟು. ಮೂರನೆಯದು, ಬೈಲಹೊಂಗಲದ ಹತ್ತಿರದ ನಮ್ಮ ಊರಿನಿಂದ ಅತ್ತೆಯವರು ಬಸ್ಸಿನಲ್ಲಿ ಕಳುಹಿಸಿಕೊಟ್ಟ ಕಂಬಳಿ. ಮೂರನ್ನೂ ಒಯ್ಯುವ ಹಾಗಿಲ್ಲ. ಹೋಗುವಾಗ ಗೋವಾ ಎಕ್ಸ್‌ಪ್ರೆಸ್ ರೈಲಿನಲ್ಲಿ ಎರಡು ರಾತ್ರಿಯ ಪ್ರಯಾಣ, ಬರುವಾಗ ಬೆಳಗಾವಿಯ ವಿಮಾನ ನಿಲ್ದಾಣವಾದ ಸಾಂಬ್ರಾಕ್ಕೆ ವಿಮಾನ. ವಿಮಾನದಲ್ಲಿ ಪೆಟ್ಟಿಗೆಗೆ 15 ಕೆ.ಜಿ., ಕೈಚೀಲಕ್ಕೆ 7 ಕೆ.ಜಿ. ಎಂಬ ಮಿತಿಯಿದೆ. ಆ ಹದಿನೈದರಲ್ಲಿ ಸೀರೆಗಳು, ಬೀಗರು ಕೊಡುವ ಉಡುಗೊರೆ ಮತ್ತು ಅಕ್ಕ ಖಂಡಿತ ಕಟ್ಟಿಕೊಡುವ ಸಿಹಿಯ ಡಬ್ಬಿಗಳು ಸೇರಬೇಕಾದ್ದರಿಂದ ಮೇಲುಡುಪು ಒಂದೇ ಆಗಬೇಕು, ಅದೂ ಸರಿಯಾದದ್ದೇ ಆಗಬೇಕು.

ಇಷ್ಟೊಂದು ಯೋಚಿಸುವುದಕ್ಕೆ ಕಾರಣ, ಈ ಮೊದಲು ದೆಹಲಿಯ ಚಳಿಗಾಲಕ್ಕೆ ಎರಡು ಸಲ ಹೋಗಿ ಎರಡು ಸಲವೂ ತಪ್ಪಾದ ಬಟ್ಟೆ ಒಯ್ದಿದ್ದೇನೆ. ಮೊದಲ ಸಲ ಕಡಿಮೆ ಒಯ್ದೆ, ಎರಡನೆಯ ಸಲ ಹೆಚ್ಚು ಒಯ್ದೆ, ಮತ್ತು ಎರಡನೆಯ ತಪ್ಪು ಮೊದಲನೆಯದಕ್ಕಿಂತ ಹೆಚ್ಚು ದಣಿಸಿತು.

ಬೆಳಗಾವಿಯವರಿಗೆ ಚಳಿ ಗೊತ್ತಿಲ್ಲವೆಂದಲ್ಲ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಡಿಸೆಂಬರಿನ ನಸುಕಿಗೆ ಹಾಲಿನವನು ಕಿವಿಗೆ ಮಫ್ಲರ್ ಸುತ್ತಿಕೊಂಡೇ ಬರುತ್ತಾನೆ, ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನಕ್ಕೆ ಬೆಂಗಳೂರಿನಿಂದ ಬಂದವರು ಸಂಜೆಗೆ ಸ್ವೆಟರ್ ಹುಡುಕುತ್ತಾರೆ. ಆದರೆ ನಮ್ಮ ಥಂಡಿ ಬಿಸಿಲೇರುತ್ತಲೇ ಎದ್ದು ಹೋಗುವ ಥಂಡಿ. ಒಂಬತ್ತು ಗಂಟೆಗೆ ಸ್ವೆಟರ್ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರೆ ಮತ್ತೆ ಅದರ ನೆನಪಾಗುವುದು ಸಂಜೆಯ ದೀಪ ಹಚ್ಚುವ ಹೊತ್ತಿಗೆ. ನಿಜ ಹೇಳಬೇಕೆಂದರೆ ನಮ್ಮ ಕಪಾಟುಗಳು ಸಿದ್ಧವಾಗಿರುವುದು ಮಳೆಗೆ: ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಕಾಗುವ ರೇನ್‌ಕೋಟು, ಕೊಡೆ, ಬೇಗ ಒಣಗುವ ಬಟ್ಟೆ ಯಾವುದೆಂದು ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಚಳಿಗೆ ಬಟ್ಟೆ ಆರಿಸುವುದರಲ್ಲಿ ಮಾತ್ರ ನಮಗೆ ಅಂಥ ಅಭ್ಯಾಸವಿಲ್ಲ.

ಮೊದಲ ಪ್ರಯಾಣ 2019ರ ಡಿಸೆಂಬರ್ ಕೊನೆಯಲ್ಲಿ. ಹೊರಡುವ ಮೊದಲು ಮೊಬೈಲಿನಲ್ಲಿ ನೋಡಿದಾಗ, ದೆಹಲಿಯಲ್ಲಿ ಆ ದಿನಗಳ ಕನಿಷ್ಠ ತಾಪಮಾನ ಸಾಮಾನ್ಯವಾಗಿ ಏಳೆಂಟು ಡಿಗ್ರಿ, ಗರಿಷ್ಠ ಇಪ್ಪತ್ತರ ಆಸುಪಾಸು ಎಂದಿತ್ತು. ರಾತ್ರಿ ಹೇಗೂ ರಗ್ಗಿನ ಒಳಗಿರುತ್ತೇವೆ, ಹಗಲು ಇಪ್ಪತ್ತೆಂದರೆ ನಮ್ಮ ಊರಿನ ಬೆಳಗಿನಂತೆಯೇ ಎಂದು ಲೆಕ್ಕ ಹಾಕಿ ಒಂದು ಸ್ವೆಟರ್, ಒಂದು ಶಾಲು ಇಟ್ಟುಕೊಂಡು ಹೋದೆ. ಡಿಸೆಂಬರ್ 30ರಂದು ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ದಾಖಲಾದ ಗರಿಷ್ಠ ತಾಪಮಾನ 9.4 ಡಿಗ್ರಿ. ಕನಿಷ್ಠ ಅಲ್ಲ, ಗರಿಷ್ಠ. ಶತಮಾನಕ್ಕೂ ಹೆಚ್ಚಿನ ದಾಖಲೆಯಲ್ಲಿ ಡಿಸೆಂಬರಿನ ಅತ್ಯಂತ ಥಂಡಿಯ ಹಗಲು ಅದೆಂದು ಮರುದಿನದ ಪತ್ರಿಕೆಗಳಲ್ಲಿ ಓದಿದೆ. ಆ ಹಗಲಿನಲ್ಲಿ ನಾನು ಒಂದು ಸ್ವೆಟರಿನ ಮೇಲೆ ಶಾಲು ಹೊದ್ದು, ಗುರುದ್ವಾರ ಬಂಗ್ಲಾ ಸಾಹಿಬ್‌ನ ಬಾಗಿಲಲ್ಲಿ ಕಾಲು ತೊಳೆಯುವ ನೀರಿನಲ್ಲಿ ಅಡಿ ಇಟ್ಟು, ಅಮೃತಶಿಲೆಯ ನೆಲದ ಮೇಲೆ ಬರಿಗಾಲಲ್ಲಿ ನಡೆದಿದ್ದೆ. ಒಳಗೆ ಕೊಟ್ಟ ಬಿಸಿ ಪ್ರಸಾದವನ್ನು ತಿನ್ನುವ ಮೊದಲು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಕೂತದ್ದು ಇನ್ನೂ ನೆನಪಿದೆ.

ಆಮೇಲೆ ತಿಳಿದ ಸಂಗತಿಯೆಂದರೆ ಹವಾಮಾನ ಇಲಾಖೆ ಶೀತ ಅಲೆಯನ್ನೂ ಶೀತ ದಿನವನ್ನೂ ಬೇರೆ ಬೇರೆಯಾಗಿ ಗುರುತಿಸುತ್ತದೆ. ಬಯಲುಸೀಮೆಯಲ್ಲಿ ರಾತ್ರಿಯ ಉಷ್ಣತೆ 4 ಡಿಗ್ರಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ, ಇಲ್ಲವೇ 10 ಡಿಗ್ರಿಯೊಳಗಿದ್ದು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಷ್ಟು ಕುಸಿದರೆ ಅದು ಶೀತ ಅಲೆ. ರಾತ್ರಿ 10 ಡಿಗ್ರಿಯೊಳಗಿದ್ದು ಹಗಲಿನ ಗರಿಷ್ಠವೇ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಗೂ ಮಿಕ್ಕಿ ಕೆಳಗಿದ್ದರೆ ಅದು ಶೀತ ದಿನ. ಪ್ರವಾಸಿಗೆ ಹೆಚ್ಚು ತ್ರಾಸ ಕೊಡುವುದು ಈ ಎರಡನೆಯದೇ. ಗಂಗಾ ಬಯಲಿನ ಮೇಲೆ ದಟ್ಟವಾದ ಮಂಜು ನೆಲದಿಂದ ಸ್ವಲ್ಪ ಮೇಲೆದ್ದು ಹೊದಿಕೆಯಂತೆ ನಿಂತುಬಿಟ್ಟರೆ ಬಿಸಿಲು ನೆಲಕ್ಕೆ ತಲುಪುವುದಿಲ್ಲ, ನೆಲ ಕಾಯದಿದ್ದರೆ ಮಂಜು ಕರಗುವುದಿಲ್ಲ, ಹೀಗೆ ಒಂದಕ್ಕೊಂದು ಜೋತುಬಿದ್ದು ದಿನಗಟ್ಟಲೆ ನಡೆಯುತ್ತದೆ. ರಾತ್ರಿಯ ಚಳಿಗೆ ರಗ್ಗು ಇದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಊರು ನೋಡಲೆಂದು ಬಂದವರ ಮೈಮೇಲೆ ಇರುವುದು ಅವರು ಒಯ್ದದ್ದು ಮಾತ್ರ. ಆದ್ದರಿಂದ ಈಗ ನಾನು ಹೊರಡುವ ವಾರ ಮುನ್ಸೂಚನೆ ನೋಡುವಾಗ ಕನಿಷ್ಠದ ಸಾಲಿಗಿಂತ ಮೊದಲು ಗರಿಷ್ಠದ ಸಾಲನ್ನೂ ಮಂಜಿನ ಸೂಚನೆಯನ್ನೂ ನೋಡುತ್ತೇನೆ.

ಇನ್ನೊಂದು ಸಂಗತಿಯನ್ನು ಯಾವ ಮುನ್ಸೂಚನೆಯೂ ಹೇಳುವುದಿಲ್ಲ. ದೆಹಲಿಯ ಹಳೆಯ ಮನೆಗಳು ಬೇಸಿಗೆಯನ್ನು ಎದುರಿಸಲು ಕಟ್ಟಿದವು. ಎತ್ತರದ ಛಾವಣಿ, ಕಲ್ಲಿನ ಅಥವಾ ಮೊಸಾಯಿಕ್ ನೆಲ, ಗಾಳಿಯಾಡುವ ಕಿಟಕಿಗಳು: ಮೇ ತಿಂಗಳಲ್ಲಿ ಇವೆಲ್ಲ ಪುಣ್ಯ, ಜನವರಿಯಲ್ಲಿ ಶಿಕ್ಷೆ. ಶೀತದೇಶಗಳಲ್ಲಿ ಇರುವಂತೆ ಇಡೀ ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆ ಅಲ್ಲಿನ ಸಾಧಾರಣ ಮನೆಗಳಲ್ಲಿ ಇಲ್ಲ. ಒಂದು ಕೋಣೆಯಲ್ಲಿ ಒಂದು ಹೀಟರ್, ಅದರ ಸುತ್ತ ಇಡೀ ಕುಟುಂಬ. ಹೊರಗೆ ಬಿಸಿಲು ಬಿದ್ದಾಗ ಒಳಗಿಗಿಂತ ಹೊರಗೇ ಬೆಚ್ಚಗಿರುತ್ತದೆ, ಆದ್ದರಿಂದಲೇ ಚಳಿಗಾಲದ ಮಧ್ಯಾಹ್ನ ಅಲ್ಲಿನ ಮಾಳಿಗೆಗಳ ಮೇಲೆ ಮತ್ತು ಪಾರ್ಕುಗಳಲ್ಲಿ ಮನೆಮಂದಿಯೆಲ್ಲ ಬಂದು ಕಡಲೆಕಾಯಿ ಸುಲಿಯುತ್ತ ಕೂರುತ್ತಾರೆ. ಅಂದರೆ ನಾವು ಒಯ್ಯುವ ಜಾಕೆಟ್ಟು ಬಾಗಿಲ ಬಳಿ ಕಳಚಿ ತೂಗುಹಾಕುವ ಉಡುಪಲ್ಲ. ಅದನ್ನು ಹಾಕಿಕೊಂಡೇ ಚಹಾ ಕುಡಿಯಬೇಕು, ತರಕಾರಿ ಹೆಚ್ಚಲು ಕೈ ಜೋಡಿಸಬೇಕು, ಸೋಫಾದ ಮೇಲೆ ಕಾಲು ಮಡಿಸಿ ಕೂರಬೇಕು.

ಈ ಮಾತು ನನಗೆ ಹೊಳೆದದ್ದು ಎರಡನೆಯ ಪ್ರಯಾಣದಲ್ಲಿ, ಆ ಕರಿ ಓವರ್‌ಕೋಟಿನ ದೆಸೆಯಿಂದ. ಮೊದಲ ಸಲದ ಪಾಠ ಕಲಿತೆನೆಂಬ ಹೆಮ್ಮೆಯಿಂದ, ಮೊಣಕಾಲು ದಾಟುವ ಆ ಕೋಟನ್ನು ಫೆಬ್ರುವರಿಯಲ್ಲಿ ಒಯ್ದಿದ್ದೆ. ಕೋಟಿನಲ್ಲಿ ದೋಷವಿಲ್ಲ. ಅದರ ಉಣ್ಣೆ ದಪ್ಪ, ಒಳಗೆ ನುಣುಪಾದ ಅಸ್ತರಿ, ತೊಟ್ಟರೆ ಯಾರಿಗಾದರೂ ಒಂದು ಗತ್ತು ಬರುತ್ತದೆ. ಬೆಳಿಗ್ಗೆ ಏಳಕ್ಕೆ ಹಜರತ್ ನಿಜಾಮುದ್ದೀನ್ ನಿಲ್ದಾಣದಲ್ಲಿ ಇಳಿದಾಗ ಅದು ರಾಜವೈಭವ. ಹನ್ನೊಂದಕ್ಕೆ ಹುಮಾಯೂನನ ಸಮಾಧಿಯ ಮೆಟ್ಟಿಲು ಹತ್ತುವಾಗ ಬೆವರು. ಹನ್ನೆರಡಕ್ಕೆ ಕುತುಬ್ ಮಿನಾರಿನ ಅಂಗಳದಲ್ಲಿ, ಎಪ್ಪತ್ತೆರಡೂವರೆ ಮೀಟರಿನ ಗೋಪುರವನ್ನು ಕತ್ತೆತ್ತಿ ನೋಡುವಾಗ, ಅದು ಎಡಗೈ ಮೇಲೆ ಮಲಗಿದ ಎರಡು ಕೆ.ಜಿ. ತೂಕದ ಕೂಸು. ಫೆಬ್ರುವರಿಯಲ್ಲಿ ದೆಹಲಿಯ ಹಗಲು ಇಪ್ಪತ್ತನಾಲ್ಕು ಡಿಗ್ರಿಯ ಹತ್ತಿರ ಹೋಗುತ್ತದೆ. ಮೆಟ್ರೋದಲ್ಲಿ ಜನರ ನಡುವೆ ತೊಟ್ಟರೆ ಸೆಕೆ, ತೆಗೆದರೆ ಹಿಡಿಯಲು ಕೈಯಿಲ್ಲ. ಮಡಿಸಿ ಚೀಲಕ್ಕೆ ಹಾಕೋಣವೆಂದರೆ ಚೀಲವೇ ಅದಕ್ಕಿಂತ ಸಣ್ಣದು. ಕರೋಲ್ ಬಾಗ್‌ನ ಒಂದು ಖಾನಾವಳಿಯಲ್ಲಿ ಅದನ್ನು ಕುರ್ಚಿಗೆ ಹಾಕಿದಾಗ ಅಂಚು ನೆಲಕ್ಕೆ ತಾಗಿ, ಮೇಜು ಒರೆಸುವ ಹುಡುಗನ ಬಕೆಟ್ಟಿನ ನೀರು ಕುಡಿಯಿತು. ಒಣಗಲು ಎರಡು ದಿನ ಬೇಕಾಯಿತು. ಲಂಡನ್ನಿನ ಕೋಟು ಲಂಡನ್ನಿಗೆ ಸರಿ, ಏಕೆಂದರೆ ಅಲ್ಲಿ ಹೊರಗೆ ದಿನವಿಡೀ ಹೆಚ್ಚುಕಡಿಮೆ ಒಂದೇ ಬಗೆಯ ಥಂಡಿ, ಒಳಗೆ ಬೆಚ್ಚಗೆ, ಬಾಗಿಲಲ್ಲಿ ಗೂಟ. ದೆಹಲಿಯಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹನ್ನೆರಡು ಡಿಗ್ರಿಯ ಅಂತರ, ಗೂಟ ಎಲ್ಲಿಯೂ ಇಲ್ಲ.

ಅಂದಿನಿಂದ ಮೇಲುಡುಪನ್ನು ನೋಡಿದಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ, ಇದು ನನ್ನ ಮೈಮೇಲೆ ಇಲ್ಲದ ಹೊತ್ತಿನಲ್ಲಿ ಎಲ್ಲಿರುತ್ತದೆ ಎಂಬುದು. ಎಷ್ಟು ಬೆಚ್ಚಗಿದೆ ಎಂಬ ಪ್ರಶ್ನೆ ಅದರ ನಂತರ ಬರುತ್ತದೆ.

ಈ ಸಲ ಸಲಹೆ ಕೇಳಲು ಹೋದದ್ದು ನಮ್ಮ ಓಣಿಯ ಹವಾಲ್ದಾರ್ ಕಾಕಾ ಅವರ ಹತ್ತಿರ. ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ ಇರುವ ಈ ಊರಿನಲ್ಲಿ ಸೈನ್ಯದಿಂದ ನಿವೃತ್ತರಾದವರು ಓಣಿಗೊಬ್ಬರು ಸಿಗುತ್ತಾರೆ, ಮತ್ತು ಹಿಮದಲ್ಲಿ ಕಾವಲು ನಿಂತು ಬಂದವರಿಗಿಂತ ಚೆನ್ನಾಗಿ ಚಳಿಯ ಬಟ್ಟೆಯನ್ನು ತಿಳಿದವರು ಇರಲಾರರು. ಕಾಕಾ ನನ್ನ ಓವರ್‌ಕೋಟಿನ ಕಥೆ ಕೇಳಿ ನಕ್ಕು, "ತಂಗೀ, ಒಂದ ದಪ್ಪಂದ ಹಾಕ್ಕೊಂಡ್ರ ಅದನ್ನ ಅರ್ಧಾ ತಗ್ಯಾಕ ಬರೂದಿಲ್ಲ. ಮೂರು ತೆಳ್ಳಂದ ಹಾಕ್ಕೋ, ಬ್ಯಾಡಾದಾಗ ಒಂದೊಂದ ತಗಿ" ಎಂದರು. ಬಟ್ಟೆ ತಾನಾಗಿ ಬಿಸಿ ಕೊಡುವುದಿಲ್ಲ, ಬಿಸಿ ನಮ್ಮ ಮೈಯದೇ. ಎಳೆಗಳ ನಡುವೆ, ಪದರುಗಳ ನಡುವೆ ಅಲುಗಾಡದೆ ನಿಂತ ಗಾಳಿ ಆ ಬಿಸಿ ಹೊರಗೆ ಓಡದಂತೆ ತಡೆಯುತ್ತದೆ. ಮೂರು ತೆಳು ಪದರುಗಳೆಂದರೆ ನಡುವೆ ಎರಡು ಗಾಳಿಯ ಪದರು ಪುಕ್ಕಟೆ. ಆದರೆ ಹೊರಗಿನ ಗಾಳಿ ಬೀಸಿ ಒಳಗೆ ನುಗ್ಗಿದರೆ ಕೂಡಿಟ್ಟ ಬಿಸಿಯೆಲ್ಲ ಒಂದೇ ಗಳಿಗೆಯಲ್ಲಿ ಖಾಲಿ. ನಮ್ಮ ಕೈಹೆಣಿಗೆಯ ಸ್ವೆಟರ್ ಮನೆಯಲ್ಲಿ ಬೆಚ್ಚಗಿದ್ದು ಆಟೋದಲ್ಲಿ ಜಾಲರಿಯಂತಾಗುವುದು ಇದರಿಂದಲೇ. ಮುನ್ಸೂಚನೆಯ ಡಿಗ್ರಿ ಹೇಳುವುದು ನೆರಳಿನಲ್ಲಿ ಇಟ್ಟ ಉಷ್ಣಮಾಪಕದ ಕಥೆ. ಎರಡೂ ಪಕ್ಕ ತೆರೆದ ಆಟೋರಿಕ್ಷಾದಲ್ಲಿ ರಾತ್ರಿ ಹತ್ತಕ್ಕೆ ಇಪ್ಪತ್ತು ನಿಮಿಷ ಕೂತವಳ ಕಥೆ ಬೇರೆ. ಹಾಗಾಗಿ ಒಳಗಿನ ಎರಡು ಪದರು ಗಾಳಿ ಹಿಡಿಯಲು, ಹೊರಗಿನ ಒಂದು ಗಾಳಿ ತಡೆಯಲು ಎಂದು ಕಾಕಾ ಮಾಡಿಕೊಟ್ಟ ವಿಭಾಗ ನನಗೆ ಒಪ್ಪಿಗೆಯಾಯಿತು. ಹತ್ತಿಯ ಬನಿಯನ್ನನ್ನು ಮಾತ್ರ ಮೈಗೆ ಹತ್ತಿರ ಹಾಕಬೇಡವೆಂದು ಎರಡು ಸಲ ಹೇಳಿದರು. ನಡೆದು ಬೆವರಿದರೆ ಹತ್ತಿ ಒದ್ದೆಯಾಗಿ ಹಾಗೆಯೇ ಕೂತುಬಿಡುತ್ತದೆ, ನಿಂತ ಕೂಡಲೇ ಬೆನ್ನಿಗೆ ತಣ್ಣೀರು ಪಟ್ಟಿ ಹಾಕಿದ ಹಾಗೆ. ಉಣ್ಣೆಯ ಗುಣವೇ ಬೇರೆ, ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಎಳೆಯ ಒಳಗೆ ಸೆಳೆದುಕೊಂಡೂ ಮುಟ್ಟಿದರೆ ಒದ್ದೆಯೆನಿಸುವುದಿಲ್ಲ.

ಇನ್ನು ಕೊಳ್ಳುವ ಕಥೆ. ಚಳಿಗಾಲ ಬಂತೆಂದರೆ ನಮ್ಮ ಕಡೆಯ ಊರುಗಳಿಗೆ ಟಿಬೆಟಿಯನ್ನರು ಬಂದು ಸ್ವೆಟರ್ ಅಂಗಡಿ ಹಾಕುತ್ತಾರೆ. ಮುಂಡಗೋಡದಲ್ಲಿ 1966ರಿಂದ ಅವರ ದೊಡ್ಡ ನೆಲೆಯೇ ಇರುವುದರಿಂದ ಈ ಭಾಗಕ್ಕೆ ಅವರು ಹೊರಗಿನವರಲ್ಲ. ಮಾರುವ ಮಾಲು ಬಹಳಮಟ್ಟಿಗೆ ಲುಧಿಯಾನದ್ದು. ನಾನು ಅಲ್ಲಿಯೂ ನೋಡಿದೆ, ಖಡೇ ಬಜಾರಿನಲ್ಲಿಯೂ ನೋಡಿದೆ, ಕೊನೆಗೆ ಕೊಂಡದ್ದು ಒಂದು ಸಾಮಾನ್ಯ ಬಟ್ಟೆ ಅಂಗಡಿಯಲ್ಲಿ. ಕೊಳ್ಳಲು ಹೋಗುವಾಗ ಮನೆಯಿಂದ ಥರ್ಮಲ್ ಎಂಬ ಬೆಚ್ಚನೆಯ ಒಳಉಡುಪು ಮತ್ತು ಸ್ವೆಟರ್ ಚೀಲದಲ್ಲಿ ಒಯ್ದು, ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ಅವೆರಡನ್ನೂ ತೊಟ್ಟು ಅದರ ಮೇಲೆ ಜಾಕೆಟ್ಟು ಹಾಕಿ ನೋಡಿದೆ. ಅಂಗಡಿಯ ಹುಡುಗಿಯರು ಮುಸಿಮುಸಿ ನಕ್ಕರು, ನಗಲಿ. ಬರೀ ಕುರ್ತಾದ ಮೇಲೆ ಚೆನ್ನಾಗಿ ಕೂರುವ ಜಾಕೆಟ್ಟು ಸ್ವೆಟರಿನ ಮೇಲೆ ಕಂಕುಳಲ್ಲಿ ಹಿಡಿಯುತ್ತದೆ. ಹಿಡಿದ ಜಾಗದಲ್ಲಿ ಒಳಗಿನ ಗಾಳಿ ಹಿಸುಕಿಹೋಗಿ ಬೆಚ್ಚಗಿರುವುದೂ ಇಲ್ಲ. ತೊಟ್ಟು ಕನ್ನಡಿಯ ಮುಂದೆ ನಿಂತರೆ ಸಾಲದು. ಮೆಟ್ರೋದ ಹಿಡಿಕೆ ಹಿಡಿದ ಹಾಗೆ ಕೈ ಮೇಲೆತ್ತಿದಾಗ ಸೊಂಟ ಬಯಲಾಗಬಾರದು, ಸ್ಟೂಲಿನ ಮೇಲೆ ಕೂತಾಗ ಜಿಪ್ಪು ಗದ್ದಕ್ಕೆ ಬರಬಾರದು, ಕೈ ಮುಂದೆ ಚಾಚಿದಾಗ ಮಣಿಕಟ್ಟು ಕಾಣಬಾರದು. ನಿತಂಬ ಮುಚ್ಚುವಷ್ಟು ಉದ್ದ ನನ್ನ ಮಟ್ಟಿಗೆ ಕಡ್ಡಾಯ, ಏಕೆಂದರೆ ದೆಹಲಿಯಲ್ಲಿ ನಾವು ಕೂರುವುದೆಲ್ಲ ಕಲ್ಲುಕಟ್ಟೆಗಳ ಮೇಲೆ. ಮೊಣಕಾಲು ದಾಟುವ ಉದ್ದ ಬೇಡ. ರಿಕ್ಷಾ ಹತ್ತುವಾಗ ಅದನ್ನು ಎತ್ತಿಕಟ್ಟುವುದರಲ್ಲೇ ಸಾಕಾಗುತ್ತದೆ. ಒಳಗಡೆ ಜಿಪ್ಪಿರುವ ಒಂದು ಕಿಸೆ ಬೇಕು, ಚಾಂದನಿ ಚೌಕದ ಜನಜಂಗುಳಿಯಲ್ಲಿ ಹಣ ಮತ್ತು ಮೊಬೈಲು ಅಲ್ಲಿರಬೇಕು. ಬಣ್ಣ ಗಾಢವಾಗಿರಬೇಕು, ಆ ಊರಿನ ಗಾಳಿ ಯಾವ ಬಿಳಿಯನ್ನೂ ಒಂದು ವಾರ ಬಿಳಿಯಾಗಿ ಬಿಡುವುದಿಲ್ಲ.

ಕಾಲರಿಗೆ ಹೊಲಿದ ಟೊಪ್ಪಿಗೆ ಇರುವ ಜಾಕೆಟ್ಟೇ ಬೇಕೆಂದು ಹಟ ಹಿಡಿದೆ. ಮಂಜು ಬಟ್ಟೆಯ ಮೇಲೆ ಸಣ್ಣ ಹನಿಯಾಗಿ ಕೂರುತ್ತದೆ. ಅಲ್ಲದೆ ಮೆಡಿಟರೇನಿಯನ್ ಕಡೆಯಿಂದ ಇರಾನ್, ಪಾಕಿಸ್ತಾನಗಳ ಮೇಲೆ ಹಾದು ಬರುವ, ಹವಾಮಾನದವರು ವೆಸ್ಟರ್ನ್ ಡಿಸ್ಟರ್ಬನ್ಸ್ ಎನ್ನುವ ಮೋಡಗಳು ಜನವರಿಯಲ್ಲಿ ಆಗೊಮ್ಮೆ ಈಗೊಮ್ಮೆ ದೆಹಲಿಗೆ ಮಳೆ ಸುರಿಸಿ ಹೋಗುತ್ತವೆ, ಅವು ಹೋದ ಮೇಲೆ ವಾಯವ್ಯದಿಂದ ಕೊರೆಯುವ ಗಾಳಿ ಬೀಸುತ್ತದೆ. ಬೆಳಗಾವಿಯ ಜಡಿಮಳೆ ಕಂಡವರಿಗೆ ಆ ಮಳೆ ಮಳೆಯೇ ಅಲ್ಲ, ಆದರೆ ಎಂಟು ಡಿಗ್ರಿಯಲ್ಲಿ ಒದ್ದೆಯಾದ ತಲೆ ಇಡೀ ದಿನವನ್ನು ಕೆಡಿಸಬಲ್ಲದು. ಪೂರ್ತಿ ಜಲನಿರೋಧಕ ಬಟ್ಟೆಗೆ ಹಣ ಸುರಿಯುವ ಅಗತ್ಯವಿಲ್ಲ. ಹನಿ ಜಾರಿಹೋಗುವಷ್ಟು ಲೇಪನವಿದ್ದರೆ ಸಾಕು, ಉಳಿದದ್ದಕ್ಕೆ ನಮ್ಮ ಮಳೆಗಾಲದ ಮಡಿಸುವ ಕೊಡೆ ಇದೆ.

ಒಳಗೆ ಏನು ತುಂಬಿದ್ದಾರೆ ಎಂಬ ಪ್ರಶ್ನೆಗೆ ಅಂಗಡಿಯಲ್ಲಿ ಎರಡು ಉತ್ತರ ಸಿಕ್ಕಿದವು. ಬಾತುಕೋಳಿಯ ಎದೆಯ ತುಪ್ಪುಳ ತುಂಬಿದ ಜಾಕೆಟ್ಟುಗಳಿಗೆ 600, 700, 800 ಎಂಬ ಅಂಕೆ ಹಾಕಿರುತ್ತಾರೆ. ಒಂದು ಔನ್ಸ್ ತುಪ್ಪುಳ, ಅಂದರೆ ಸುಮಾರು 28 ಗ್ರಾಂ, ಉಬ್ಬಿ ನಿಂತಾಗ ಎಷ್ಟು ಘನ ಅಂಗುಲ ಜಾಗ ಹಿಡಿಯುತ್ತದೆ ಎಂಬ ಅಳತೆ ಅದು. ಅಂಕೆ ಹೆಚ್ಚಾದಷ್ಟೂ ಅದೇ ತೂಕಕ್ಕೆ ಹೆಚ್ಚು ಬೆಚ್ಚಗೆ. ಮಡಿಸಿದರೆ ತೆಂಗಿನಕಾಯಿಯಷ್ಟು ಗಾತ್ರದ ಸಣ್ಣ ಚೀಲದಲ್ಲಿ ಅಡಗುತ್ತದೆ, ನನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆದರೆ ಒದ್ದೆಯಾದರೆ ತುಪ್ಪುಳ ಮುದ್ದೆಯಾಗಿ ಬಿಸಿ ಹಿಡಿಯುವುದನ್ನೇ ಬಿಡುತ್ತದೆ. ಪಾಲಿಯೆಸ್ಟರ್ ನಾರು ತುಂಬಿದ್ದು ಅದಕ್ಕಿಂತ ತುಸು ಭಾರ, ತುಸು ದೊಡ್ಡದು, ಆದರೆ ತೇವದಲ್ಲಿಯೂ ಒಂದಿಷ್ಟು ಉಬ್ಬಿಯೇ ಇರುತ್ತದೆ, ಮನೆಯಲ್ಲೇ ಒಗೆಯಬಹುದು, ಬೆಲೆಯೂ ಕಡಿಮೆ. ನನ್ನ ಆಯ್ಕೆಯನ್ನು ಕೊನೆಗೆ ತೀರ್ಮಾನಿಸಿದವರು ಅತ್ತೆಯವರು. ಫೋನಿನಲ್ಲಿ ವಿಷಯ ಕೇಳಿದವರೇ, "ಕೋಳಿ ಪುಕ್ಕದ ಅಂಗಿ ಮನ್ಯಾಗ ಬ್ಯಾಡವಾ, ದೇವರ ಜಗಲಿ ಐತಿ" ಎಂದರು. ಪಾಲಿಯೆಸ್ಟರಿಗೆ ಅವರ ಆಕ್ಷೇಪವಿರಲಿಲ್ಲ. ನನಗೂ ಒಳಗೊಳಗೆ ಸಮಾಧಾನವಾಯಿತು, ಏಕೆಂದರೆ ಬೆಳಗಾವಿಯ ನಾಲ್ಕು ತಿಂಗಳ ಮಳೆಯಲ್ಲಿ ಕಪಾಟಿನೊಳಗೆ ಬಟ್ಟೆಯ ಗತಿ ಏನಾಗುತ್ತದೆ ಎಂಬುದನ್ನು ಯಜಮಾನರ ಚರ್ಮದ ಜಾಕೆಟ್ಟಿನಲ್ಲಿ ಕಂಡಿದ್ದೇನೆ. ಒಂದೇ ಆಗಸ್ಟಿನಲ್ಲಿ ಅದರ ಕಾಲರಿನ ಮೇಲೆ ಬೂದಿ ಬಣ್ಣದ ಬೂಷ್ಟು ಹಿಡಿದಿತ್ತು. ತುಪ್ಪುಳವನ್ನಾದರೂ ನಾರನ್ನಾದರೂ ಸಣ್ಣ ಚೀಲದಲ್ಲಿ ತುರುಕಿ ವರ್ಷಗಟ್ಟಲೆ ಇಟ್ಟರೆ ಉಬ್ಬುವ ಗುಣ ಕುಗ್ಗುತ್ತದೆ. ಪ್ರಯಾಣದಲ್ಲಿ ಮಾತ್ರ ಮಡಿಸಬೇಕು, ಮನೆಯಲ್ಲಿ ತೂಗುಹಾಕಬೇಕು.

ಈ ನೈಲಾನು ಹೊದಿಕೆಯ ಜಾಕೆಟ್ಟಿಗೆ ಒಂದು ಶತ್ರು ಇದೆ, ಅದು ಕಿಡಿ. ಉತ್ತರದ ಚಳಿಗಾಲದ ಮದುವೆಗಳಲ್ಲಿ ಹುಲ್ಲುಹಾಸಿನ ಮೇಲೆ ಅಲ್ಲಲ್ಲಿ ಕಬ್ಬಿಣದ ಅಂಗೀಠಿಗಳಲ್ಲಿ ಕಟ್ಟಿಗೆ ಉರಿಸುತ್ತಾರೆ, ಬೀದಿಯಲ್ಲಿ ಕಾವಲುಗಾರರು ಸೌದೆ ಒಟ್ಟಿ ಬೆಂಕಿ ಕಾಯಿಸುತ್ತಾರೆ. ಹಾರಿದ ಒಂದು ಕಿಡಿ ಬಿದ್ದರೆ ಉಣ್ಣೆ ಸುಟ್ಟ ಕೂದಲಿನ ವಾಸನೆ ಬಿಟ್ಟು ಅಲ್ಲಿಗೇ ಆರುತ್ತದೆ. ನೈಲಾನು ಕರಗಿ ತೂತಾಗುತ್ತದೆ, ತೂತಿನಿಂದ ಒಳಗಿನ ಹತ್ತಿಯಂಥದ್ದು ಹಲ್ಲು ಕಿಸಿಯುತ್ತದೆ.

ಇಲ್ಲಿ ಕಂಬಳಿಯ ಮಾತು ಬರಬೇಕು, ಏಕೆಂದರೆ ಕಿಡಿಯ ಮುಂದೆ ಕೂರಲು ಅದಕ್ಕಿಂತ ಯೋಗ್ಯವಾದದ್ದು ಇಲ್ಲ. ನಮ್ಮ ಕಡೆಯ ಕುರಿಗಳ ಉಣ್ಣೆ ಒರಟು, ಕಪ್ಪು. ಕುರುಬರು ಅದನ್ನು ನೂತು ನೆಯ್ದು, ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡಿದ ಕಂಬಳಿಯ ಮೇಲೆ ಮಳೆ ಬಿದ್ದರೆ ಬೇಗ ಒಳಗಿಳಿಯುವುದಿಲ್ಲ. ಹೊಲದಲ್ಲಿ ಅದನ್ನು ಒಂದು ಮೂಲೆ ಮಡಿಸಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ತಲೆ, ಬೆನ್ನು, ಹೆಗಲು ಮೂರೂ ಒಟ್ಟಿಗೆ ಮುಚ್ಚುತ್ತವೆ; ಟೊಪ್ಪಿಗೆ ಹೊಲಿದ ಜಾಕೆಟ್ಟಿಗೆ ಅಂಗಡಿಯವರು ಹೇಳುವ ಗುಣಗಳೆಲ್ಲ ಆ ಕೊಪ್ಪೆಯಲ್ಲಿ ಇವೆ. ರಾತ್ರಿ ಹಾಸಬಹುದು, ಹೊದೆಯಬಹುದು. ಅತ್ತೆಯವರ ಪ್ರಕಾರ ಇದೊಂದಿದ್ದರೆ ಇನ್ನಾವುದೂ ಬೇಡ. ಆದರೂ ಅದನ್ನು ಒಯ್ಯುತ್ತಿಲ್ಲ. ಭಾರದಲ್ಲಿ ಅದು ಓವರ್‌ಕೋಟಿನ ಅಣ್ಣ. ಕೈಗಳನ್ನು ಬಿಡುವಾಗಿ ಇಡುವುದಿಲ್ಲ. ಮೆಟ್ರೋದ ಭದ್ರತಾ ತಪಾಸಣೆಯಲ್ಲಿ ಅದನ್ನು ಬಿಚ್ಚಿ ಸುತ್ತುವಷ್ಟರಲ್ಲಿ ಹಿಂದಿನ ಸಾಲು ಗದ್ದಲ ಮಾಡುತ್ತದೆ. ಎ.ಸಿ. ಬೋಗಿಯಲ್ಲಿ ಹಾಸಿಗೆ ಹೊದಿಕೆ ರೈಲ್ವೆಯವರೇ ಕೊಡುವುದರಿಂದ ಆ ನೆಪವೂ ಇಲ್ಲ. ಅತ್ತೆಯವರಿಗೆ ಇದನ್ನು ಹೇಗೆ ಹೇಳುವುದೆಂದು ಮೂರು ದಿನ ಯೋಚಿಸಿ, ಕೊನೆಗೆ ಯಜಮಾನರ ಮೂಲಕ ಹೇಳಿಸಿದೆ. ಕಂಬಳಿ ಈಗ ನಮ್ಮ ಹಾಸಿಗೆಯ ಕಾಲ್ದೆಸೆಯಲ್ಲಿದೆ.

ಎಲ್ಲಕ್ಕಿಂತ ಕಠಿಣವಾದದ್ದು ಮದುವೆಯ ರಾತ್ರಿ. ಆರತಕ್ಷತೆ ತೆರೆದ ಲಾನಿನಲ್ಲಿ, ರಾತ್ರಿ ಎಂಟರಿಂದ ಹನ್ನೆರಡರ ತನಕ. ನಾನು ಉಡಬೇಕೆಂದಿರುವುದು ಇಳಕಲ್ ಸೀರೆ. ಇಳಕಲ್ಲಿನ ಜೀವವೆಲ್ಲ ಅದರ ಟೋಪ ತೆನಿ ಎಂಬ ವಿನ್ಯಾಸದ ಕೆಂಪು ಸೆರಗಿನಲ್ಲಿದೆ. ಒಡಲನ್ನು ಬೇರೆ, ಸೆರಗನ್ನು ಬೇರೆ ಹಾಸುಹಾಕಿ ಎಳೆ ಎಳೆಯನ್ನೂ ಕೊಂಡಿ ಮಾಡಿ ಕೂಡಿಸುವ ಆ ಕೆಲಸವನ್ನು ನೈಲಾನು ಜಾಕೆಟ್ಟಿನ ಒಳಗೆ ಬಚ್ಚಿಡುವುದೆಂದರೆ ನೇಕಾರನಿಗೆ ಮಾಡುವ ಅವಮಾನ. ವೈನಿ, ಅಂದರೆ ನನ್ನ ಅತ್ತಿಗೆ, ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು: "ಸೆರಗ ಕಾಣಲಿಲ್ಲಂದ್ರ ಇಳಕಲ್ ಯಾಕ ಉಡ್ತೀರಿ, ನೈಟಿ ಮ್ಯಾಲ ಬರ್ರಿ." ಸೀರೆಯ ಮೇಲೆ ಚಳಿಯನ್ನು ತಡೆಯುವ ಹಾದಿ ಹೊರಗಿಲ್ಲ, ಒಳಗಿದೆ ಎಂದು ಬಹಳ ಯೋಚಿಸಿ ಕಂಡುಕೊಂಡೆ. ಅಗಲ ಕೊರಳಿನ ತೆಳು ಥರ್ಮಲ್ ಮೇಲೆ ಪೂರ್ತಿ ತೋಳಿನ, ಕತ್ತು ಮುಚ್ಚುವ ಮಖಮಲ್ಲಿನ ಬ್ಲೌಸ್ ಹೊಲಿಸಿದ್ದೇನೆ; ಶಹಾಪುರದ ನಮ್ಮ ದರ್ಜಿಗೆ ಥರ್ಮಲ್ ತೊಟ್ಟೇ ಅಳತೆ ಕೊಟ್ಟೆ. ಪೆಟ್ಟಿಕೋಟಿನ ಒಳಗೆ ಉಣ್ಣೆಯ ಲೆಗ್ಗಿಂಗ್ಸ್, ಪಾದಕ್ಕೆ ಹೆಬ್ಬೆರಳು ಬೇರೆಯಾಗಿರುವ ಕಾಲುಚೀಲ, ಚಪ್ಪಲಿಯ ಬದಲು ಮುಚ್ಚಿದ ಮೋಜಡಿ. ಭುಜದ ಮೇಲೆ ಎಡಗಡೆ ಸೆರಗು, ಬಲಗಡೆ ಮಡಿಸಿದ ಉಣ್ಣೆಯ ಶಾಲು. ಈ ಶಾಲು ಪಶ್ಮೀನವಲ್ಲ. ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಆಡುಗಳ ಒಳಗೂದಲಿನಿಂದ ಬರುವ ನಿಜವಾದ ಪಶ್ಮೀನಕ್ಕೆ ಕೊಡುವಷ್ಟು ಹಣ ನನ್ನಲ್ಲಿಲ್ಲ, ಆ ಹೆಸರಿನಲ್ಲಿ ಬೀದಿಯಲ್ಲಿ ಸಿಗುವ ನುಣುಪಾದ ಬಟ್ಟೆ ಬಹುಮಟ್ಟಿಗೆ ವಿಸ್ಕೋಸ್ ಎಂಬ ಕೃತಕ ರೇಷ್ಮೆ, ಅದು ಹೊಳೆಯುತ್ತದೆಯೇ ಹೊರತು ಬೆಚ್ಚಗಿಡುವುದಿಲ್ಲ. ಸಾಧಾರಣ ಉಣ್ಣೆಯ ಶಾಲು ಸಾಕು. ನೀಲಿ ಜಾಕೆಟ್ಟು ಲಾನಿನ ಬಾಗಿಲ ತನಕ ಬಂದು, ಅಲ್ಲಿಂದ ತನ್ನ ಸಣ್ಣ ಚೀಲ ಸೇರಿ, ಊಟದ ನಂತರ ಕಾರಿಗೆ ಕಾಯುವ ಅರ್ಧ ಗಂಟೆಗೆ ಮತ್ತೆ ಹೊರಬರುತ್ತದೆ.

ಇದನ್ನೆಲ್ಲ ದೆಹಲಿಯಲ್ಲೇ ಕೊಳ್ಳಬಹುದಲ್ಲ ಎಂದು ಅಕ್ಕನ ಮಗ ಕೇಳಿದ. ಅವನ ಮಾತಿನಲ್ಲಿ ಹುರುಳಿದೆ. ಸರೋಜಿನಿ ನಗರ, ಲಜಪತ್ ನಗರ, ಜನಪಥ್, ಕಾಶ್ಮೀರಿ ಗೇಟ್ ಹತ್ತಿರದ ಟಿಬೆಟಿಯನ್ನರ ಮಾರುಕಟ್ಟೆ, ಎಲ್ಲೆಡೆಯೂ ಇಲ್ಲಿಗಿಂತ ಹೆಚ್ಚು ಆಯ್ಕೆ ಇದೆ, ಬೆಲೆಯೂ ಇಳಿಸುತ್ತಾರೆ. ಮಫ್ಲರ್, ಕೈಗವಸು, ಕಾಲುಚೀಲಗಳನ್ನು ನಾನೂ ಅಲ್ಲಿಗೇ ಬಿಟ್ಟಿದ್ದೇನೆ. ಆದರೆ ಎರಡನೆಯ ರಾತ್ರಿ ಭೋಪಾಲ ದಾಟಿದ ಮೇಲೆ ಗ್ವಾಲಿಯರ್, ಆಗ್ರಾ, ಮಥುರಾ ಎಂದು ರೈಲು ಮಂಜಿನೊಳಗೆ ಹೋಗುತ್ತದೆ, ಮಂಜಿನ ದಿನಗಳಲ್ಲಿ ಆ ದಾರಿಯ ರೈಲುಗಳು ತಡವಾಗುವುದು ಸಹಜ, ನಡುವೆ ಎಲ್ಲಿ ಎಷ್ಟು ಹೊತ್ತು ನಿಂತೀತೆಂದು ಹೇಳಲಾಗದು. ಇಳಿದ ಮೊದಲ ಬೆಳಗು, ಪ್ಲಾಟ್‌ಫಾರ್ಮಿನ ಮೇಲೆ ಚಹಾದ ಲೋಟ ಹಿಡಿದು ನಿಂತ ಆ ಹೊತ್ತಿಗೆ ಯಾವ ಮಾರುಕಟ್ಟೆಯೂ ತೆರೆದಿರುವುದಿಲ್ಲ. ಸೋಮವಾರ ಇಳಿದರಂತೂ ಸರೋಜಿನಿ ನಗರಕ್ಕೆ ಅಂದು ರಜೆಯೇ.

ನಿನ್ನೆ ಸಂಜೆ ಪೆಟ್ಟಿಗೆ ಕಟ್ಟಿ ಸ್ನಾನದ ಕೋಣೆಯ ತೂಕದ ಯಂತ್ರದ ಮೇಲೆ ಇಟ್ಟಾಗ ಹನ್ನೊಂದೂವರೆ ಕೆ.ಜಿ. ತೋರಿಸಿತು. ಅಕ್ಕನ ಡಬ್ಬಿಗಳಿಗೆ ಮೂರೂವರೆ ಕೆ.ಜಿ. ಮಿಕ್ಕಿದೆ. ಬರುವಾಗ ವಿಮಾನದಲ್ಲಿ ಜಾಕೆಟ್ಟು ಮೈಮೇಲೆ ಇರುತ್ತದೆ, ಮೈಮೇಲಿನದನ್ನು ಯಾರೂ ತೂಗುವುದಿಲ್ಲ. ಓವರ್‌ಕೋಟನ್ನು ಬೇವಿನ ಎಲೆಯೊಂದಿಗೆ ಮತ್ತೆ ಕಪಾಟಿಗೆ ಸೇರಿಸಿದೆ. ನೀಲಿ ಜಾಕೆಟ್ಟು ಬಾಗಿಲ ಹಿಂದಿನ ಗೂಟದಲ್ಲಿ ತೂಗುತ್ತಿದೆ, ಒಳಕಿಸೆಯಲ್ಲಿ ಟಿಕೆಟ್ಟು ಮತ್ತು ಆಧಾರ್ ಕಾರ್ಡು, ಹೊರಗಿನ ಕಿಸೆಯಲ್ಲಿ ಅತ್ತೆಯವರು ಕಂಬಳಿಯ ಬದಲಿಗೆಂದು ಕೊಟ್ಟ ಒಣಶುಂಠಿಯ ಪುಡಿಯ ಪೊಟ್ಟಣ.